ಬಾಲಕಿಯರ ಕ್ರೀಡಾ ತರಬೇತಿ: ಜಾರ್ಖಂಡ್‌ನ ‘ಯುವಾ’ ಮಾದರಿ

ರಾಂಚಿ ಸಮೀಪದ ಹಳ್ಳಿಗಳಲ್ಲಿ ಬಾಲಕಿಯರಿಗೆ ಫುಟ್‌ಬಾಲ್ ಕಲಿಸುತ್ತಿರುವ ಸ್ವಯಂಸೇವಾ ಸಂಸ್ಥೆ ‘ಯುವಾ’. ಅಮೆರಿಕದ ಫ್ರಾಂಜ್ ಗ್ಯಾಸ್ಟ್ಲರ್ 2009ರಲ್ಲಿ ಇದನ್ನು ಆರಂಭಿಸಿದರು.

ಜಾರ್ಖಂಡ್ ಬಾಲ್ಯವಿವಾಹದ ಪಿಡುಗು ಇನ್ನೂ ಅಳಿಯದ ರಾಜ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಅಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 32.2ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇಂತಹ ಕಡೆ ಹೆಣ್ಣುಮಕ್ಕಳು ಮೈದಾನಕ್ಕೆ ಬರುವುದೇ ಮೊದಲ ಗೆಲುವು.

ಆದ್ದರಿಂದಲೇ ಸಂಸ್ಥೆಯು ಪದಕಕ್ಕಿಂತ ನಿತ್ಯದ ಹಾಜರಾತಿಗೆ ಒತ್ತು ನೀಡುತ್ತದೆ. ಇಲ್ಲಿಯೇ ಆಡಿ ಬೆಳೆದ ಯುವತಿಯರು ಕಿರಿಯರಿಗೆ ತರಬೇತಿ ನೀಡುತ್ತಾರೆ. ಪರಿಚಿತ ಹೆಣ್ಣುಮಗಳೊಬ್ಬಳು ಜತೆಗಿದ್ದರೆ ಪೋಷಕರ ಹಿಂಜರಿಕೆ ತಗ್ಗುತ್ತದೆ. ಆಟದೊಂದಿಗೆ ಓದೂ ಸಾಗಲೆಂದು 2015ರಲ್ಲಿ ಶಾಲೆಯನ್ನೂ ತೆರೆಯಲಾಯಿತು.

2013ರಲ್ಲಿ ಸ್ಪೇನ್‌ನ ಗಾಸ್ಟೈಜ್ ಕಪ್ ಟೂರ್ನಿಯಲ್ಲಿ ಈ ಬಾಲಕಿಯರ ತಂಡ ತೃತೀಯ ಸ್ಥಾನ ಗಳಿಸಿತು. 2019ರಲ್ಲಿ ಸಂಸ್ಥೆಗೆ ‘ಲಾರಿಯಸ್ ಸ್ಪೋರ್ಟ್ ಫಾರ್ ಗುಡ್’ ಪ್ರಶಸ್ತಿ ಸಂದಿತು.

ಸುಸಜ್ಜಿತ ಕ್ರೀಡಾಂಗಣವಿದ್ದೂ ಹದಿಹರೆಯದಲ್ಲಿ ಬಾಲಕಿಯರು ಆಟ ತೊರೆಯುವ ಊರುಗಳು ಗಮನಿಸಬೇಕಾದದ್ದು ಈ ಮೂರು ಅಂಶಗಳನ್ನು: ನಂಬಿಕೆಗೆ ಪಾತ್ರರಾದ ಮಹಿಳಾ ತರಬೇತುದಾರರು, ತಪ್ಪದ ಅಭ್ಯಾಸ, ನಿಲ್ಲದ ಓದು.