ಯಾವ ಜಾವಾ?

ಮೈಸೂರಿನ ಹಳಬರ ಮುಂದೆ ‘ಜಾವಾ’ ಅಂದು ನೋಡಿ. ಅವರಿಗೆ ನೆನಪಾಗುವುದು 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆ, ಎರಡು ಸೈಲೆನ್ಸರಿನ ಬೈಕು. ಭೂಗೋಳದ ಮೇಷ್ಟರಿಗೆ ಅದು ದ್ವೀಪ. ಕೊನೆಯ ದೀರ್ಘ ತೆಗೆದರೆ ಬೆಳಗಿನ ಜಾವ. ಮೂರಕ್ಕೂ ನಂಟಿಲ್ಲ. ಬೈಕಿನ ಹೆಸರು ಹುಟ್ಟಿದ್ದು 1929ರಲ್ಲಿ, ಯಾನೆಚೆಕ್ ಎಂಬ ಚೆಕ್ ಉದ್ಯಮಿಯ ಹೆಸರಿನ ಮೊದಲ ತುಣುಕಿಗೆ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲ ತುಣುಕು ಅಂಟಿಸಿ. ಆದರೂ ಬೆಳಗಿನ ಜಾವ ಜಾವಾ ಹತ್ತಿ ಹೊರಟವರು ಯಾರೂ ದಾರಿ ತಪ್ಪಿ ಇಂಡೋನೇಷ್ಯ ಸೇರಲಿಲ್ಲ.

ಪಜೀತಿ ಶುರುವಾದದ್ದು 1995ರಲ್ಲಿ. ಸನ್ ಮೈಕ್ರೋಸಿಸ್ಟಮ್ಸ್‌ನ ಜೇಮ್ಸ್ ಗಾಸ್ಲಿಂಗ್ ತಾವು ಕಟ್ಟಿದ ಕಂಪ್ಯೂಟರ್ ಭಾಷೆಗೆ ‘ಓಕ್’ ಎಂದು ಹೆಸರಿಟ್ಟಿದ್ದರು. ಅದು ಆಗಲೇ ಬೇರೊಬ್ಬರ ಟ್ರೇಡ್‌ಮಾರ್ಕ್ ಆಗಿತ್ತು. ಹಾಗಾಗಿ ಆ ದ್ವೀಪದ ಕಾಫಿಯ ನೆಪದಲ್ಲಿ ‘ಜಾವಾ’ ಬಂತು. ಗುಂಪಿನಲ್ಲಿ ಚಿಕ್ಕಮಗಳೂರಿನವರೊಬ್ಬರು ಇದ್ದಿದ್ದರೆ ‘ಗಿರಿ’ ಅಂತಿದ್ದರೋ ಏನೋ! ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಇನ್ನೊಂದು ಭಾಷೆಯ ಮೊದಲ ರೂಪ ಹೆಣೆದರು. ಅದು ಮೊದಲು ‘ಮೋಕಾ’ ಆಗಿತ್ತು, ಆಮೇಲೆ ‘ಲೈವ್‌ಸ್ಕ್ರಿಪ್ಟ್’ ಆಯಿತು. ಅಷ್ಟರಲ್ಲಿ ಜಾವಾದ ಹವಾ ಎದ್ದಿತ್ತು. ಡಿಸೆಂಬರಿನಲ್ಲಿ ಎರಡೂ ಕಂಪನಿಗಳು ಕೂಡಿ ಅದನ್ನು ‘ಜಾವಾಸ್ಕ್ರಿಪ್ಟ್’ ಎಂದು ಸಾರಿದವು. ವ್ಯಾಪಾರಕ್ಕೆ ಕಡ ತಂದ ಹೆಸರು ಅದು.

ಹೆಸರು ನೋಡಿ ಮೋಸಹೋಗುವುದು ಏನೆಂದು ನಾನಿರುವ ಒನೆಹುಂಗಾದಲ್ಲಿ ಬೇಗ ಅರ್ಥವಾಗುತ್ತದೆ. ಆಕ್ಲೆಂಡಿನ ದಕ್ಷಿಣಕ್ಕೆ, ಮನುಕಾವ್ ಕೊಲ್ಲಿಯ ದಂಡೆಯ ಊರಿದು. ಹೊಸಬರು ರೈಲಿನ ಬೋರ್ಡಿನ ಇಂಗ್ಲಿಷ್ ಅಕ್ಷರ ನೋಡಿ ‘ವನ್‌ಹಂಗಾ’ ಅಂದುಬಿಡುತ್ತಾರೆ. ಮಾವೊರಿ ನುಡಿಯಲ್ಲಿ ‘ಒನೆ’ ಎಂದರೆ ಮರಳು; ಅಂಕಿ ಒಂದಕ್ಕೂ ಅದಕ್ಕೂ ಏನು ಸಂಬಂಧ? ಇಲ್ಲಿ ಕೆಲಸ ಹುಡುಕುವ ನಮ್ಮ ಹುಡುಗರಿಗೆ ಊರಿನಿಂದ ದೊಡ್ಡಪ್ಪನ ಫೋನು: “ಜಾವಾ ಬರತ್ತಲ್ಲೋ ನಿಂಗೆ, ಜಾವಾಸ್ಕ್ರಿಪ್ಟ್ ಅದರದ್ದೇ ಮರಿ ತಾನೇ?” ದೊಡ್ಡಪ್ಪ ಹಾಗಂದರೆ ನಗಬಹುದು. ಕೆಲಸ ಕೊಡುವವರೇ ಅಂದರೆ ನಗು ಬರುವುದಿಲ್ಲ.

ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ನಿಜ. ಅದೇ ಪುಷ್ಪಾವರಣ, ಅದೇ ಅರ್ಧವಿರಾಮ. ಜಾವಾದಂತೆ ಕಾಣಬೇಕು ಅಂತಲೇ ಐಕ್‌ಗೆ ಮೇಲಿನವರ ಅಪ್ಪಣೆಯಾಗಿತ್ತು. ಸ್ವಭಾವ ಮಾತ್ರ ಬೇರೆ. ಜೋಡಿ ಉದ್ಧರಣ ಚಿಹ್ನೆಯೊಳಗಿನ “5”ರಿಂದ 1 ಕಳೆ ಅನ್ನಿ. ಅದು ಅಂಕಿಯಲ್ಲ, ಪಠ್ಯ ಎಂದು ಜಾವಾ ಹಟ ಹಿಡಿಯುತ್ತದೆ, ಪ್ರೋಗ್ರಾಮು ಕಂಪೈಲೇ ಆಗುವುದಿಲ್ಲ. ಜಾವಾಸ್ಕ್ರಿಪ್ಟ್ ಏನೂ ಕೇಳದೆ 4 ಎಂದು ಉತ್ತರ ಕೊಡುತ್ತದೆ. ನನಗೆ ಮೊದಲನೆಯದರ ಹಟವೇ ಇಷ್ಟ.

ಹೆಸರಿನ ಜೊತೆ ಒಂದು ಬಳುವಳಿಯೂ ಬಂತು. ತಾರೀಖು ನೋಡಿಕೊಳ್ಳುವ ಭಾಗವನ್ನು ಆಗಿನ ಜಾವಾದಿಂದ ಇದ್ದ ಹಾಗೇ ಎತ್ತಿ ತಂದರು. ಅದರಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ. ಜನವರಿ 0, ಡಿಸೆಂಬರ್ 11. ಡಿಸೆಂಬರ್ ಅಂದುಕೊಂಡು 12 ಬರೆದರೆ ಮುಂದಿನ ವರ್ಷದ ಜನವರಿ ಸಿಗುತ್ತದೆ. 2014ರಲ್ಲಿ ಜಾವಾ ತನಗೊಂದು ಹೊಸ ಪಂಚಾಂಗ ಮಾಡಿಕೊಂಡಿತು. ಜಾವಾಸ್ಕ್ರಿಪ್ಟಿನ ಆ ಹಳೆಯ ಭಾಗ ಇವತ್ತಿಗೂ ಸೊನ್ನೆಯಿಂದಲೇ ಎಣಿಸುತ್ತದೆ.

ಇಲ್ಲದ ನಂಟನ್ನು ಹೆಸರು ಸಾರಿದ ಈ ಕಥೆಗೆ ಉಲ್ಟಾ ಕಥೆ ನಮ್ಮ ಪಕ್ಕದಲ್ಲೇ ಇದೆ. 1990ರ ದಶಕದ ಆರಂಭದಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಸಂಖ್ಯಾಶಾಸ್ತ್ರಕ್ಕೆಂದು ‘ಆರ್’ ಭಾಷೆ ಕಟ್ಟಿದರು. ಅದು ಇಬ್ಬರ ಹೆಸರಿನ ಮೊದಲಕ್ಷರ. ಜೊತೆಗೆ ಬೆಲ್ ಲ್ಯಾಬ್ಸ್‌ನ ‘ಎಸ್’ ಭಾಷೆಯನ್ನು ನೋಡಿ ಇಟ್ಟದ್ದು. ‘ಎಸ್’ಗೆಂದು ಬರೆದ ಎಷ್ಟೋ ಪ್ರೋಗ್ರಾಮುಗಳು ‘ಆರ್’ನಲ್ಲೂ ಓಡುತ್ತವೆ. ಒಂದಕ್ಷರದ ಹೆಸರು ಸುಳ್ಳು ಹೇಳಲಿಲ್ಲ, ‘ಜಾವಾಸ್ಕ್ರಿಪ್ಟ್’ ಎಂಬ ದೊಡ್ಡ ಹೆಸರು ಹೇಳಿತು.

ಆ ದೊಡ್ಡ ಹೆಸರನ್ನೇ ಭಾಷೆಯ ಮಾನಕಕ್ಕೂ ಇಡೋಣವೆಂದರೆ ಟ್ರೇಡ್‌ಮಾರ್ಕಿನ ತಕರಾರು. ಅದು ಸನ್ ಕಂಪನಿಯದಾಗಿತ್ತು, 2010ರಲ್ಲಿ ಒರಾಕಲ್ ಕೈಸೇರಿತು. ಆ ತಕರಾರಿನಿಂದಲೇ 1997ರ ಮಾನಕದಲ್ಲಿ ಭಾಷೆಗೆ ‘ಎಕ್ಮಾಸ್ಕ್ರಿಪ್ಟ್’ ಎಂದು ಹೆಸರು. ಚರ್ಮರೋಗದ ಹೆಸರಿನಂತಿದೆ ಎಂದು ಐಕ್ ಅವರೇ ಹಂಗಿಸಿದರು. ಜನರ ಬಾಯಲ್ಲಿ ಅದು ನಿಲ್ಲಲೂ ಇಲ್ಲ.

ಹಾಗಾಗಿ ಅರ್ಜಿ ಹಾಕುವ ಹುಡುಗರೇ, ಜಾಹೀರಾತಿನಲ್ಲಿ ‘ಜಾವಾ’ ಕಂಡರೆ ಅಷ್ಟಕ್ಕೇ ನಿಲ್ಲಬೇಡಿ, ಮುಂದಿನ ಪದ ಓದಿ. ‘ಸ್ಪ್ರಿಂಗ್’ ಇದ್ದರೆ ಅದು ಜಾವಾ, ‘ರಿಯಾಕ್ಟ್’ ಇದ್ದರೆ ಜಾವಾಸ್ಕ್ರಿಪ್ಟ್. ಜಾಹೀರಾತು ಬರೆಯುವವರೇ, ದಯವಿಟ್ಟು ಹೆಸರನ್ನು ಪೂರ್ತಿ ಬರೆಯಿರಿ.