ಗೂಟ ಹಿಡಿಯದ ನೆಲದಲ್ಲಿ ಗುಡಾರ

ಏಪ್ರಿಲ್, ಮೇ ತಿಂಗಳ ಸಂಜೆ ಸೇಡಂ, ಚಿತ್ತಾಪುರದ ಬಯಲಿಗೆ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಗುಡುಗುಮೋಡದಿಂದ ಬೀಳುವ ಹನಿಗಳು ದಾರಿಯಲ್ಲೇ ಆವಿಯಾದಾಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಕುಸಿಯುತ್ತದೆ. ನೆಲ ಮುಟ್ಟಿದೊಡನೆ ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಮುಗಿಲಿಗೆ ಧೂಳು ಏರಿದ್ದು ಕಂಡ ಮೇಲೆ ಗುಡಾರ ಬಿಗಿಯಲು ಸಿಗುವ ಹೊತ್ತು ಬಹಳ ಕಡಿಮೆ.

ಗುಡಾರ ಸಾಮಾನ್ಯವಾಗಿ ಗೂಟದ ಬಲದಿಂದ ನಿಲ್ಲುತ್ತದೆ. ಈ ಸೀಮೆಯಲ್ಲಿ ಗೂಟವನ್ನು ಪೂರ್ತಿ ನಂಬುವಂತಿಲ್ಲ. ಶಹಾಬಾದ, ವಾಡಿಯ ಸುತ್ತ ತೆಳುವಾದ ಮಣ್ಣಿನ ಕೆಳಗೇ ಸುಣ್ಣಕಲ್ಲಿನ ಹಾಸು. ಎರೆ ಹೊಲದಲ್ಲಾದರೆ ಬೇಸಿಗೆಗೆ ನೆಲ ಬಿರಿದು, ಹೊಡೆದ ಗೂಟ ಅಲುಗಾಡುತ್ತದೆ. ಹಾಗಾಗಿ ಹಗ್ಗದಷ್ಟೇ ಭಾರವೂ ಬೇಕು.

ಭಾರವನ್ನೇ ಆಸರೆ ಮಾಡಿಕೊಂಡವರಲ್ಲಿ ಲದೇಣಿ, ಅಂದರೆ ಹೇರು ಸಾಗಣೆ, ಮಾಡುತ್ತಿದ್ದ ಲಂಬಾಣಿಗರು ಹಳಬರು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನ್ನಿನ ಉದ್ದಗಲ ತಿರುಗಿದ ಈ ಜನ ದಂಡುಗಳಿಗೂ ಕಾಳು ಒದಗಿಸುತ್ತಿದ್ದರು. 1632ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಉತ್ತರ ಭಾರತದ ದಾರಿಯಲ್ಲಿ ಎದುರುಗೊಂಡ ಇಂಥ ಒಂದೇ ತಾಂಡಾದಲ್ಲಿ, ಅಂದರೆ ತಿರುಗುವ ತಂಡದಲ್ಲಿ, 14,000 ಎತ್ತುಗಳಿದ್ದವು. ಬೀಡುಬಿಟ್ಟಲ್ಲಿ ಹೇರು ಇಳಿಸಿ, ಚೀಲಗಳನ್ನು ಗೋಡೆಯಂತೆ ಒಟ್ಟುತ್ತಿದ್ದರು. ಸರಕು ಕಾಯುವ ಕೋಟೆ, ಗಾಳಿ ತಡೆಯುವ ಮರೆ, ಎರಡೂ ಅದೇ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ರೈಲಿನೊಡನೆ ಪೈಪೋಟಿಗಿಳಿಯುವ ಶಕ್ತಿ ಎತ್ತಿಗೆ ಇರಲಿಲ್ಲ. ತಿರುಗಾಟ ನಿಂತು, ತಾಂಡಾ ಎಂದರೆ ನೆಲೆಯೂರು ಎಂಬ ಅರ್ಥ ಬಂತು. ಚಿಂಚೋಳಿಯ ಗುಡ್ಡಗಾಡಿನಲ್ಲಿ ಇಂದಿಗೂ ಅಂಥವು ಅನೇಕ.

ಭಾರಕ್ಕೆಂದು ಚೀಲದ ಜಾಗಕ್ಕೆ ಬಂದದ್ದು ಪರಸಿ, ಅಂದರೆ ಹಾಸುಗಲ್ಲು. ಶಹಾಬಾದ ಕಲ್ಲು ಪದರ ಪದರವಾಗಿ ಏಳುತ್ತದೆ. ನೆಲಕ್ಕೆ, ಮಾಳಿಗೆಗೆ, ಹೊಲದ ಬೇಲಿಗೆ ಎಲ್ಲಕ್ಕೂ ಅದೇ. ಎರಡು ಅಡಿ ಉದ್ದಗಲದ, ಒಂದು ಅಂಗುಲ ದಪ್ಪದ ಪರಸಿ ಸುಮಾರು 25 ಕಿಲೋ ತೂಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಎದುರಿಗೆ ಸಿಕ್ಕ ಪ್ರತಿ ಚದರ ಮೀಟರನ್ನು ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಜೋಪಡಿಯ ಮೇಲೆ ಹೊದಿಸುವ ಅರ್ಧ ಮಿಲಿಮೀಟರ್ ತಗಡು ಚದರ ಮೀಟರಿಗೆ ನಾಲ್ಕು ಕಿಲೋ ಮಾತ್ರ, ತಾಡಪತ್ರಿಯಂತೂ ಇನ್ನೂ ಹಗುರ. ಗಣಿಯ ಬದಿಯ ಜೋಪಡಿಗೆ ಬೇಕಾದ ಕಲ್ಲು ಕಾಲಬುಡದಲ್ಲೇ ಬಿದ್ದಿರುವಾಗ ಅಂಚಿಗೆ ಅದನ್ನೇ ಹೇರುವುದು ಸಹಜ.

ತಾಡಪತ್ರಿಯ ಅಂಚನ್ನು ನೆಲದಲ್ಲೇ ಪರಸಿಯಡಿ ಒತ್ತಿಟ್ಟರೆ ಈ ಉಪಾಯ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಗಡಿನ ಮೇಲಿಟ್ಟ ಬಿಡಿ ಕಲ್ಲಿನ ಮಾತು ಬೇರೆ: ತಗಡು ಎದ್ದರೆ ಕಲ್ಲು ಒಳಗಿದ್ದವರ ತಲೆಯ ಮೇಲೇ ಉರುಳುತ್ತದೆ. ಅದಕ್ಕೇ ಈಗ ಕೊಕ್ಕೆ ಬೋಲ್ಟಿನಿಂದ ತಗಡನ್ನು ತೊಲೆಗೆ ಬಿಗಿಯುತ್ತಾರೆ, ಮೇಲೆ ಭಾರ ಬೇಕೆಂದರೆ ಮರಳು ತುಂಬಿದ ಸಿಮೆಂಟ್ ಚೀಲ ಇಡುತ್ತಾರೆ.