ಎರಡು ವರ್ಷಕ್ಕೆಂದು ಬಂದ ಪೆಟ್ಟಿಗೆ ಮನೆ

ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕ ಹತ್ತು ನಿಮಿಷ ನಿಂತರೆ ಸಾಕು, ಒಂದಾದರೂ ಕಂಟೇನರ್ ಲಾರಿ ಹಾದು ಹೋಗುತ್ತದೆ. ನಿರಿಗೆ ನಿರಿಗೆಯಾದ ಉಕ್ಕಿನ ಗೋಡೆ, ಹಿಂದೆ ಎರಡು ಬಾಗಿಲು, ನಾಲ್ಕು ಮೂಲೆಗೆ ನಾಲ್ಕು ಗಟ್ಟಿ ಕಂಬ. ಅದೇ ಪೆಟ್ಟಿಗೆಗೆ ಕಿಟಕಿ ಕೊರೆದು, ಒಳಗೆ ಮಂಚ ಹಾಕಿ, ತೋಟಕ್ಕೆ ರೆಡಿಮೇಡ್ ಮನೆ ಎಂದು ತೋರಿಸುವ ವಿಡಿಯೊಗಳು ಈಗ ನಿಮ್ಮ ಮೊಬೈಲಿಗೂ ಬಂದಿರಬೇಕು. ಇದು ಹೊಸ ಫ್ಯಾಷನ್ ಅಲ್ಲ. ಜಗತ್ತಿನ ಬೇರೆ ಬೇರೆ ಕಡೆ ಜನ ಇದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬದುಕುತ್ತಿದ್ದಾರೆ. ಕೆಲವರು ಇಷ್ಟಪಟ್ಟು, ಕೆಲವರು ಬೇರೆ ದಾರಿ ಇಲ್ಲದೆ. ಆ ಇತಿಹಾಸದಲ್ಲಿ ನಮ್ಮ ನೆರೆಪೀಡಿತ ಊರುಗಳಿಗೂ ಒಂದು ಪಾಠವಿದೆ ಅನಿಸಿ ಇದನ್ನು ಬರೆಯುತ್ತಿದ್ದೇವೆ.

ಲಾರಿ ಮಾಲೀಕನ ಯೋಚನೆ

ಹಿಂದೆ ಹಡಗಿಗೆ ಸರಕು ತುಂಬುವುದೆಂದರೆ ಹಮಾಲರ ಕೆಲಸ. ಒಂದೊಂದೇ ಮೂಟೆ, ಒಂದೊಂದೇ ಪೀಪಾಯಿ. ಹಡಗು ವಾರಗಟ್ಟಲೆ ಬಂದರಿನಲ್ಲೇ ನಿಲ್ಲುತ್ತಿತ್ತು. ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ ಇದಕ್ಕೊಂದು ದಾರಿ ಹುಡುಕಿದ. ಮೂಟೆ ಇಳಿಸಿ ಏರಿಸುವ ಬದಲು, ಮೂಟೆ ತುಂಬಿದ ಪೆಟ್ಟಿಗೆಯನ್ನೇ ಲಾರಿಯಿಂದ ಎತ್ತಿ ಹಡಗಿನ ಮೇಲೆ ಇಡುವುದು. 1956ರ ಏಪ್ರಿಲ್ 26ರಂದು ಅವನ ‘ಐಡಿಯಲ್ ಎಕ್ಸ್’ ಹಡಗು ನ್ಯೂಜೆರ್ಸಿಯ ನ್ಯೂವಾರ್ಕ್ ಬಂದರಿನಿಂದ ಟೆಕ್ಸಾಸ್‌ನ ಹ್ಯೂಸ್ಟನ್‌ಗೆ 58 ಪೆಟ್ಟಿಗೆ ಹೊತ್ತು ಹೊರಟಿತು. ಕೈಯಿಂದ ತುಂಬಿದರೆ ಒಂದು ಟನ್‌ಗೆ 5 ಡಾಲರ್ 86 ಸೆಂಟ್ ಆಗುತ್ತಿದ್ದ ಖರ್ಚು ಸುಮಾರು 16 ಸೆಂಟಿಗೆ ಇಳಿಯಿತು.

ಆಮೇಲೆ ಎಲ್ಲ ದೇಶಗಳೂ ಒಪ್ಪುವಂತೆ ಅಳತೆ ನಿಗದಿಯಾಯಿತು. ಚಿಕ್ಕ ಕಂಟೇನರ್ 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ನಮ್ಮ ಗಾರೆಯವರ ಲೆಕ್ಕದಲ್ಲಿ ಒಂದೂವರೆ ಚದರಕ್ಕಿಂತ ತುಸು ಹೆಚ್ಚು. ಖಾಲಿ ಪೆಟ್ಟಿಗೆಯ ತೂಕವೇ ಎರಡು ಟನ್‌ಗಿಂತ ಜಾಸ್ತಿ. ಭಾರತಕ್ಕೆ ಕಂಟೇನರ್ ಹಡಗು 1973ರಲ್ಲಿ ಕೊಚ್ಚಿಗೆ ಬಂತು. ಸಮುದ್ರವೇ ಇಲ್ಲದ ನಮ್ಮ ಬೆಂಗಳೂರಿಗೆ 1981ರಲ್ಲಿ ರೈಲಿನಲ್ಲಿ ಬಂತು. ದೇಶದ ಒಳನಾಡಿನಲ್ಲಿ ಕಂಟೇನರ್ ಇಳಿಸಿಕೊಂಡ ಮೊದಲ ಊರು ಅದೇ.

ಈ ವ್ಯಾಪಾರದಲ್ಲಿ ಒಂದು ತೊಡಕಿತ್ತು. ಹೆಚ್ಚು ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಖಾಲಿ ಪೆಟ್ಟಿಗೆ ರಾಶಿ ಬೀಳುತ್ತವೆ. ವಾಪಸ್ ಕಳಿಸಲು ದುಡ್ಡು ಬೇಕು. ಹಾಗಾಗಿ ಹಳೆಯವು ಅಗ್ಗಕ್ಕೆ ಮಾರಾಟಕ್ಕೆ ಸಿಗತೊಡಗಿದವು. 1987ರ ನವೆಂಬರ್‌ನಲ್ಲಿ ಫಿಲಿಪ್ ಕ್ಲಾರ್ಕ್ ಎಂಬಾತ, ಉಕ್ಕಿನ ಕಂಟೇನರನ್ನು ವಾಸಯೋಗ್ಯ ಕಟ್ಟಡ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕಿದ. 1989ರ ಆಗಸ್ಟ್‌ನಲ್ಲಿ ಪೇಟೆಂಟ್ ಸಿಕ್ಕಿತು. ಅರ್ಜಿಗೂ ಪೇಟೆಂಟಿಗೂ ನಡುವಿನ ಈ ಅವಧಿಯಲ್ಲಿ, ಯಾವ ಪೇಟೆಂಟಿನ ಸುದ್ದಿಯೂ ಗೊತ್ತಿಲ್ಲದ ಜನ ಸಾವಿರಾರು ಸಂಖ್ಯೆಯಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಮಲಗತೊಡಗಿದ್ದರು. ಅದು ಆರ್ಮೇನಿಯಾದಲ್ಲಿ.

ಗ್ಯುಮ್ರಿಯ ‘ದೋಮಿಕ್’

ಆರ್ಮೇನಿಯಾ ಆಗ ಸೋವಿಯತ್ ಒಕ್ಕೂಟದ ಭಾಗ. 1988ರ ಡಿಸೆಂಬರ್ 7ರಂದು ಬೆಳಗ್ಗೆ ಹನ್ನೊಂದೂ ಮುಕ್ಕಾಲರ ಹೊತ್ತಿಗೆ ಭೂಮಿ ನಡುಗಿತು. ಮಕ್ಕಳು ಶಾಲೆಯಲ್ಲಿ, ದೊಡ್ಡವರು ಕಾರ್ಖಾನೆಯಲ್ಲಿ ಇದ್ದ ಸಮಯ. ಸುಮಾರು 25 ಸಾವಿರ ಜನ ಸತ್ತರು, ಐದು ಲಕ್ಷ ಜನ ಮನೆ ಕಳೆದುಕೊಂಡರು. ಸ್ಪಿಟಾಕ್ ಪಟ್ಟಣ ಪೂರ್ತಿ ನೆಲಸಮವಾಯಿತು. ಇಂದು ಗ್ಯುಮ್ರಿ ಎನ್ನುವ, ಆಗ ಲೆನಿನಾಕಾನ್ ಎನ್ನುತ್ತಿದ್ದ ದೊಡ್ಡ ಊರಿನ ಬಹುಮಹಡಿ ಕಟ್ಟಡಗಳು ಸಾಲಾಗಿ ಕುಸಿದವು.

ಚಳಿಗಾಲದಲ್ಲಿ ಅಲ್ಲಿ ತಾಪಮಾನ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಡೇರೆಯಲ್ಲಿ ಬದುಕುವುದು ಸಾಧ್ಯವಿಲ್ಲ. ಆದ್ದರಿಂದ ಕೈಗೆ ಸಿಕ್ಕ ಲೋಹದ ಪೆಟ್ಟಿಗೆಗಳೆಲ್ಲ ಮನೆಯಾದವು. ಸರಕು ಕಂಟೇನರ್, ರೈಲು ವ್ಯಾಗನ್, ಕೂಲಿಕಾರರ ಕ್ಯಾಬಿನ್. ಜನ ಇವನ್ನು ‘ದೋಮಿಕ್’ ಎಂದರು. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ಮನೆ. ಎರಡೇ ವರ್ಷದಲ್ಲಿ ಊರು ಕಟ್ಟಿಕೊಡುತ್ತೇವೆ ಎಂದು ಸೋವಿಯತ್ ಸರ್ಕಾರ ಮಾತು ಕೊಟ್ಟಿತು. ಕ್ರೇನುಗಳು ಬಂದವು, ಅಡಿಪಾಯಗಳೂ ಎದ್ದವು.

1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಮಾತು ಕೊಟ್ಟ ಸರ್ಕಾರವೇ ಇರಲಿಲ್ಲ. ನೆರೆಯ ಅಜರ್‌ಬೈಜಾನ್ ಜೊತೆ ಯುದ್ಧ, ಗಡಿ ಬಂದ್, ಕರೆಂಟ್ ಇಲ್ಲ. ಅರ್ಧ ಕಟ್ಟಿದ ಮನೆಗಳು ಹಾಗೇ ನಿಂತವು. ದೋಮಿಕ್‌ಗಳಲ್ಲಿ ಮಕ್ಕಳು ಹುಟ್ಟಿದರು, ದೊಡ್ಡವರಾದರು, ಅಲ್ಲೇ ಸಂಸಾರ ಹೂಡಿದರು. ಭೂಕಂಪದ ಇಪ್ಪತ್ತೈದನೇ ವರ್ಷದ ಹೊತ್ತಿಗೂ ಸಾವಿರಾರು ಕುಟುಂಬಗಳು ತುಕ್ಕು ಹಿಡಿದ ಆ ಗೋಡೆಗಳ ಒಳಗೇ ಇದ್ದವು. ಮೂವತ್ತು ವರ್ಷ ದಾಟಿದ ಮೇಲೂ ಪೂರ್ತಿ ಖಾಲಿಯಾಗಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ನಡೆಯಿತು. ಹೊಸ ಮನೆ ಸಿಕ್ಕ ಕೆಲವರು ತಮ್ಮ ದೋಮಿಕ್ ಮಾರಿ ಹೋದರು. ಕೊಂಡವರು ಇನ್ನೂ ಬಡವರು. ಅವರ ಹೆಸರು ಭೂಕಂಪ ಸಂತ್ರಸ್ತರ ಪಟ್ಟಿಯಲ್ಲಿ ಇರಲಿಲ್ಲ. ಪೆಟ್ಟಿಗೆಯಲ್ಲಿ ಇರುವುದು ಅವರು, ಪಟ್ಟಿಯಲ್ಲಿ ಇರುವುದು ಬೇರೆಯವರು. ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಪೆಟ್ಟಿಗೆ, ಬೇರೆ ಬದುಕು

ಹಾಗಂತ ಪೆಟ್ಟಿಗೆಯೇ ಕೆಟ್ಟದ್ದು ಎನ್ನಲಾಗದು. 2001ರಲ್ಲಿ ಲಂಡನ್ನಿನ ಟ್ರಿನಿಟಿ ಬೋಯ್ ವಾರ್ಫ್ ಎಂಬಲ್ಲಿ ‘ಕಂಟೇನರ್ ಸಿಟಿ’ ಎದ್ದಿತು. ಕಂಟೇನರ್ ಬಂದಿದ್ದರಿಂದಲೇ ಲಂಡನ್ನಿನ ಹಳೆ ಹಡಗುಕಟ್ಟೆಗಳು ಕೆಲಸ ಕಳೆದುಕೊಂಡು ಮುಚ್ಚಿದ್ದವು. ಆ ಜಾಗಕ್ಕೇ ಕಂಟೇನರ್‌ಗಳು ಕಲಾವಿದರ ಕೋಣೆಗಳಾಗಿ ಮರಳಿದವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2005–06ರಲ್ಲಿ ‘ಕೀಟ್‌ವೋನೆನ್’ ಎಂಬ ಒಂದು ಸಾವಿರ ಕೋಣೆಗಳ ವಿದ್ಯಾರ್ಥಿ ವಸತಿ ಕಟ್ಟಿದರು. ಪ್ರತಿ ಕೋಣೆಗೂ ಅದರದೇ ಅಡುಗೆಕಟ್ಟೆ, ಶೌಚಾಲಯ. ಐದು ವರ್ಷಕ್ಕೆಂದು ಕಟ್ಟಿದ್ದು ಅದಕ್ಕಿಂತ ಹೆಚ್ಚು ಬಾಳಿತು. ವಿದ್ಯಾರ್ಥಿಗಳಿಗೆ ಬೇಸರವಾಗಲಿಲ್ಲ. ಓದು ಮುಗಿದ ದಿನ ಹೊರಡುತ್ತೇವೆ ಎಂದು ಅವರಿಗೆ ಗೊತ್ತಿತ್ತು.

ಲಂಡನ್ನಿನಲ್ಲೇ ಇನ್ನೊಂದು ಮುಖವೂ ಇದೆ. ಮನೆ ಇಲ್ಲದ ಕುಟುಂಬಗಳನ್ನು ಕೆಲವು ಸ್ಥಳೀಯ ಆಡಳಿತಗಳು ಕಂಟೇನರ್ ಕಟ್ಟಡಗಳಲ್ಲಿ ಇರಿಸಿದವು. 2019ರಲ್ಲಿ ಇಂಗ್ಲೆಂಡಿನ ಮಕ್ಕಳ ಆಯುಕ್ತರು ಇದರ ಬಗ್ಗೆ ವರದಿ ಕೊಟ್ಟರು. ಬೇಸಿಗೆಯಲ್ಲಿ ಕಾವು, ಚಳಿಗಾಲದಲ್ಲಿ ಕೊರೆತ, ಮಕ್ಕಳಿಗೆ ಇಕ್ಕಟ್ಟು ಎಂಬುದು ಅದರ ಸಾರ. ಆ ತಾಯಂದಿರಿಗೆ ಹೊರಡುವ ದಿನ ಯಾರೂ ಹೇಳಿರಲಿಲ್ಲ.

ಚೆನ್ನಾಗಿ ಮಾಡಿದ ಉದಾಹರಣೆ ಜಪಾನಿನದು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಓನಾಗಾವಾ ಎಂಬ ಮೀನುಗಾರರ ಊರು ಕೊಚ್ಚಿ ಹೋಯಿತು. ಗುಡ್ಡಗಾಡಾದ್ದರಿಂದ ತಾತ್ಕಾಲಿಕ ಮನೆ ಕಟ್ಟಲು ಸಮತಟ್ಟಾದ ಜಾಗ ಸಾಕಾಗಲಿಲ್ಲ. ವಾಸ್ತುಶಿಲ್ಪಿ ಶಿಗೇರು ಬಾನ್ ಬೇಸ್‌ಬಾಲ್ ಮೈದಾನವನ್ನು ಬಳಸಿಕೊಂಡು, 20 ಅಡಿ ಕಂಟೇನರ್‌ಗಳನ್ನು ಎರಡು ಮೂರು ಮಹಡಿಯಾಗಿ ಚದುರಂಗದ ಮನೆಗಳಂತೆ ಜೋಡಿಸಿದರು. ಒಂದು ಪೆಟ್ಟಿಗೆ, ಒಂದು ಖಾಲಿ ಜಾಗ, ಮತ್ತೆ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮಲಗುವ ಕೋಣೆ, ಬಚ್ಚಲು. ನಡುವಿನ ಖಾಲಿ ಜಾಗಕ್ಕೆ ಗಾಜು ಹಾಕಿ ಬೆಳಕಿನ ನಡುಮನೆ. ಸಾಮಾನಿಡಲು ಕಪಾಟುಗಳನ್ನು ಸ್ವಯಂಸೇವಕರು ಮಾಡಿಕೊಟ್ಟರು. ಎಂಟು ತಿಂಗಳಲ್ಲಿ ಸುಮಾರು 190 ಕುಟುಂಬಗಳಿಗೆ ಮನೆಯಾಯಿತು. ತಾತ್ಕಾಲಿಕ ಎಂದರೂ ಮನುಷ್ಯರು ಇರುವ ಜಾಗ ಎಂದು ನೆನಪಿಟ್ಟುಕೊಂಡು ಕಟ್ಟಿದ್ದರು.

ನಮ್ಮ ಊರಿಗೆ ಏನು?

ಉತ್ತರ ಕರ್ನಾಟಕ 2009ರಲ್ಲಿ ಮುಳುಗಿತು, 2019ರಲ್ಲಿ ಮತ್ತೆ ಮುಳುಗಿತು. ಕೃಷ್ಣಾ, ಮಲಪ್ರಭಾ, ಘಟಪ್ರಭಾ ದಂಡೆಯವರಿಗೆ ತಗಡಿನ ಶೆಡ್ ಎಂದರೆ ಏನೆಂದು ಗೊತ್ತು. ಮೇ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಕೂಸು ಮಲಗಿಸಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಹೇಳಿತು. ಬಿದ್ದದ್ದು ಎ ವರ್ಗವೋ, ಬಿ ವರ್ಗವೋ, ಸಿ ವರ್ಗವೋ ಎಂಬ ಲೆಕ್ಕ ಶುರುವಾಯಿತು. ನಾಳೆ ಶೆಡ್ ಬದಲು ಕಂಟೇನರ್ ಬಂದರೂ ಆಶ್ಚರ್ಯವಿಲ್ಲ. ನೋಡಲು ಚೆಂದ, ಫೋಟೊಗೂ ಚೆಂದ.

ಆಗ ಕೇಳಬೇಕಾದ್ದನ್ನು ಈ ಇತಿಹಾಸ ಹೇಳಿಕೊಡುತ್ತದೆ. ಉಕ್ಕು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಹಾಗಾಗಿ ಒಳಗೆ ಶಾಖ ತಡೆಯುವ ಪದರ ಹಾಕಿದ್ದಾರೆಯೇ, ಮೇಲೊಂದು ನೆರಳಿನ ಚಾವಣಿ ಇದೆಯೇ ನೋಡಿ. ಪೆಟ್ಟಿಗೆಯ ಬಲ ಮೂಲೆ ಕಂಬಗಳಲ್ಲಿ ಮತ್ತು ಗೋಡೆಯ ನಿರಿಗೆಯಲ್ಲಿದೆ. ದೊಡ್ಡ ಕಿಟಕಿ ಕೊರೆದರೆ ಸುತ್ತ ಉಕ್ಕಿನ ಚೌಕಟ್ಟು ಕೂಡಿಸಲೇಬೇಕು. ಹಳೆ ಪೆಟ್ಟಿಗೆಯಾದರೆ ಅದರ ಹಲಗೆಯ ನೆಲಕ್ಕೆ ಕೀಟನಾಶಕ ಉಣಿಸಿರುತ್ತಾರೆ. ಆ ನೆಲದ ಮೇಲೆ ಮಗು ಅಂಬೆಗಾಲಿಡಬಾರದು, ಕಿತ್ತು ಬೇರೆ ಹಾಕಿಸಬೇಕು. ಗೋಡೆಯೆಲ್ಲ ಲೋಹವಾದ್ದರಿಂದ ಕರೆಂಟಿಗೆ ಅರ್ತಿಂಗ್ ಸರಿ ಇರಲೇಬೇಕು. ತೋಟಕ್ಕೆ ಸ್ವಂತ ದುಡ್ಡಿನಲ್ಲಿ ಕೊಳ್ಳುವವರೂ ಇಷ್ಟನ್ನು ನೋಡಿಯೇ ಮುಂಗಡ ಕೊಡಿ.

ಸರ್ಕಾರ ಕೊಡುವುದಾದರೆ ಗ್ರಾಮಸಭೆಯಲ್ಲಿ ಇನ್ನು ಮೂರು ಪ್ರಶ್ನೆ ಕೇಳಿ. ಪಕ್ಕಾ ಮನೆ ಯಾವ ಸರ್ವೆ ನಂಬರಿನಲ್ಲಿ? ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ, ಬಾಡಿಗೆಗಿದ್ದವರ ಹೆಸರು ಎಲ್ಲಿ? ಈ ಪೆಟ್ಟಿಗೆಯಿಂದ ನಾವು ಹೊರಡುವ ತಾರೀಖು ಯಾವುದು? ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ತೆಗೆದುಕೊಳ್ಳಿ. ಗ್ಯುಮ್ರಿಯವರಿಗೂ ಎರಡು ವರ್ಷ ಎಂದೇ ಹೇಳಿದ್ದರು.